ಹತ್ತಿಗೆ ಮೊದಲ 60 ದಿನ ಕಸದ ಕಾಟ ಬೇಡ

ಜುಲೈ ಮಳೆ ಬಿಡದೆ ಹಿಡಿದರೆ ನಾಗಪುರದ ಹಿಂಗಣಾ, ಕಳಮೇಶ್ವರ ಭಾಗದ ಎರೆ ಹೊಲಗಳಲ್ಲಿ ಎಡೆಕುಂಟೆ ಇಳಿಯುವುದಿಲ್ಲ. ಮಳೆ ನಿಂತ ಮೇಲೆ ನೋಡಿದರೆ ಹತ್ತಿ ಗೇಣುದ್ದ, ಕಸ ಮೊಣಕಾಲುದ್ದ. ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ 1976ರಿಂದ ಇರುವ ಊರಿನ ಸುತ್ತಲೇ ಈ ಪಾಡು. ನಮ್ಮ ಹಾವೇರಿ, ಧಾರವಾಡದಲ್ಲೂ ಇದೇ. "ಸಾಹೇಬ್ರ, ಜೋರ ಎಣ್ಣಿ ಯಾವುದೈತಿ ಹೇಳ್ರಿ" ಎಂದು ಆಗ ಕೇಳುತ್ತಾರೆ. ಹೊಡೆಯುವ ದಿನ ದಾಟಿ ಹೋಗಿರುತ್ತದೆ.

ಕಸ ಇಷ್ಟು ಬೇಗ ಏಳುವುದೇಕೆ? ಇಂಗ್ಲೆಂಡಿನ ಸಸ್ಯವಿಜ್ಞಾನಿ ಫಿಲಿಪ್ ಗ್ರೈಮ್ 1970ರ ದಶಕದಲ್ಲಿ ಗಿಡಗಳ ಬದುಕನ್ನು ಮೂರು ಬಗೆ ಮಾಡಿದರು: ಪೈಪೋಟಿಗೆ ನಿಲ್ಲುವವು, ಬರ ಮತ್ತು ಬಡ ನೆಲ ತಾಳುವವು, ಉತ್ತ ನೆಲ ಕಂಡೊಡನೆ ಎದ್ದು ಬೇಗ ಬೀಜ ಉದುರಿಸುವವು. ರೈತರಿಗೆ ಇಷ್ಟು ಸಾಕು. ಹೊಲದ ಬಹುಪಾಲು ಕಸ ಮೂರನೆಯ ಬಗೆಯದು. ಒಂದು ಕಾಂಗ್ರೆಸ್ ಗಿಡ 10,000ಕ್ಕೂ ಹೆಚ್ಚು ಬೀಜ ಚೆಲ್ಲಬಲ್ಲದು. ಹತ್ತಿಯೋ ಮೊದಲು ಬೇರು ಇಳಿಸುತ್ತದೆ, ಮೇಲೆ ನಿಧಾನವಾಗಿ ಏಳುತ್ತದೆ. ಮೊದಲ 60 ದಿನದಲ್ಲಿ ಕಸ ತಿಂದ ಗೊಬ್ಬರ ಹತ್ತಿಗೆ ಮರಳಿ ಬಾರದು.

ಕಳೆನಾಶಕದ ಅಳತೆ ಗಮನಿಸಿ. ಎಕರೆಗೆ 200 ಲೀಟರ್ ನೀರು, ಅಂದರೆ 15 ಲೀಟರಿನ ಪಂಪು ಸುಮಾರು 13.

- ಬಿತ್ತಿದ 3 ದಿನದೊಳಗೆ, ನೆಲ ಹಸಿ ಇದ್ದಾಗ: ಪೆಂಡಿಮೆಥಾಲಿನ್ 30 ಇ.ಸಿ. ಎಕರೆಗೆ 1.3 ಲೀಟರ್, ಪಂಪಿಗೆ 100 ಮಿ.ಲೀ. ಹುಟ್ಟಿದ ಕಸವನ್ನು ಇದು ಕೊಲ್ಲುವುದಿಲ್ಲ.
- 20ರಿಂದ 25ನೇ ದಿನ, ಕಸಕ್ಕೆ 2ರಿಂದ 4 ಎಲೆ ಇರುವಾಗ: ಅಗಲ ಎಲೆಯ ಕಸಕ್ಕೆ ಪೈರಿಥಿಯೋಬ್ಯಾಕ್ ಸೋಡಿಯಂ 10 ಇ.ಸಿ. ಎಕರೆಗೆ 250ರಿಂದ 300 ಮಿ.ಲೀ.; ಹುಲ್ಲಿಗೆ ಕ್ವಿಜಾಲೋಫಾಪ್ ಈಥೈಲ್ 5 ಇ.ಸಿ. ಎಕರೆಗೆ 400 ಮಿ.ಲೀ., ಪಂಪಿಗೆ 30.
- ಆಮೇಲೆ 40 ಮತ್ತು 60ನೇ ದಿನದ ಸುಮಾರಿಗೆ, ಹದ ನೋಡಿ ಎಡೆ ಹೊಡೆಯಿರಿ.

ಮುಚ್ಚಳದಲ್ಲಿ ಅಳೆದು ಅಂದಾಜಿನ ಮೇಲೆ ಸುರಿಯುವುದನ್ನು ಬಿಡಿ. ಎಷ್ಟು ಸಲ ಹೇಳಬೇಕು? ಕಸ ಹೂ ಬಿಟ್ಟ ಮೇಲೆ ಎರಡು ಪಟ್ಟು ಹೊಡೆದರೆ ಸುಡುವುದು ಹತ್ತಿಯೇ. ಕೈಗವಸು, ಮುಖಗವಸು ಇಲ್ಲದೆ ಪಂಪು ಹೊರಬೇಡಿ. 2017ರಲ್ಲಿ ಯವತಮಾಳದ ಹತ್ತಿ ಹೊಲಗಳಲ್ಲಿ ಕೀಟನಾಶಕ ಹೊಡೆಯುತ್ತ ಜೀವ ಕಳೆದುಕೊಂಡವರನ್ನು ಮರೆಯಬೇಡಿ.

ಜೇಕು ಒಂದನ್ನು ಅಗೆದು ನೋಡಿ: ಕಪ್ಪು ಗಡ್ಡೆಗಳು ದಾರದಲ್ಲಿ ಪೋಣಿಸಿದಂತೆ ಬರುತ್ತವೆ. ಮೇಲಿನ ಮೂರು ಔಷಧಿಯೂ ಅದಕ್ಕೆ ನಾಟುವುದಿಲ್ಲ. ಬೇಸಿಗೆಯಲ್ಲಿ ಆಳವಾಗಿ ಉತ್ತು ಗಡ್ಡೆ ಆರಿಸಿ.

ಗ್ಲೈಫೋಸೇಟ್ ಕಳೆನಾಶಕ ತಾಳುವ ಹತ್ತಿ ಬೀಜಕ್ಕೆ ದೇಶದಲ್ಲಿ ಮಂಜೂರಾತಿ ಇಲ್ಲ. ಕದ್ದು ಮಾರುವ ಪಾಕೀಟು ಕೊಂಡರೆ, ಬೆಳೆ ಕೈಕೊಟ್ಟಾಗ ಕೇಳಲು ರಸೀದಿಯೂ ಇರದು. ಪಂಪಿನ ಸಬ್ಸಿಡಿಗೆ ಕಾಯುತ್ತ ಹೊಡೆಯುವ ದಿನ ದಾಟಿಸಬೇಡಿ. ಬಾಡಿಗೆಗೆ ತಂದು ಹೊಡೆಯಿರಿ.

ಬಿತ್ತಿದ ಸಂಜೆಯೇ ಗೋಡೆಯ ಕ್ಯಾಲೆಂಡರಿನಲ್ಲಿ 3, 20, 40, 60ನೇ ದಿನಗಳಿಗೆ ಗುರುತು ಹಾಕಿ.