ಸಾಕುಪ್ರಾಣಿಗಳು ಮತ್ತು ನಮ್ಮ ಆರೋಗ್ಯ

ಮನುಷ್ಯ ಮತ್ತು ಪ್ರಾಣಿಗಳ ನಂಟು ಸಾವಿರಾರು ವರ್ಷ ಹಳೆಯದು. ಕಾವಲಿಗೆ ನಾಯಿ, ಇಲಿ ಹಿಡಿಯಲು ಬೆಕ್ಕು, ಹಾಲಿಗೆ ಆಡು ಎಂದು ಆರಂಭವಾದ ಈ ಸಂಬಂಧ ಕ್ರಮೇಣ ಪ್ರೀತಿಯ ಸಂಬಂಧವಾಯಿತು. ಸಾಕುಪ್ರಾಣಿಯಿಂದ ಮನಸ್ಸಿಗೆ ಖುಷಿ ಸಿಗುತ್ತದೆ ಎಂಬುದು ಸಾಕಿದವರಿಗೆಲ್ಲ ಗೊತ್ತು. ಆದರೆ ದೇಹದ ಆರೋಗ್ಯಕ್ಕೂ ಅದರಿಂದ ಪ್ರಯೋಜನವಿದೆಯೇ? ಜೀವಶಾಸ್ತ್ರದ ವಿದ್ಯಾರ್ಥಿನಿಯಾಗಿ ನನಗೆ ಈ ಪ್ರಶ್ನೆ ಕುತೂಹಲ ಹುಟ್ಟಿಸಿತು. ಓದಿ ತಿಳಿದದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

1980ರಲ್ಲಿ ಅಮೆರಿಕದ ಎರಿಕಾ ಫ್ರೀಡ್‌ಮನ್ ಮತ್ತು ಸಂಗಡಿಗರು 92 ಹೃದ್ರೋಗಿಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಮನೆಯಲ್ಲಿ ಸಾಕುಪ್ರಾಣಿ ಇದ್ದ 53 ಮಂದಿಯಲ್ಲಿ ಒಂದು ವರ್ಷದೊಳಗೆ ಮರಣ ಹೊಂದಿದವರು 3 ಮಂದಿ. ಸಾಕುಪ್ರಾಣಿ ಇಲ್ಲದ 39 ಮಂದಿಯಲ್ಲಿ 11 ಮಂದಿ ತೀರಿಕೊಂಡಿದ್ದರು. ವ್ಯತ್ಯಾಸ ದೊಡ್ಡದೇ. ಆದರೆ ಪ್ರಾಣಿ ಸಾಕಿದ್ದರಿಂದಲೇ ಅವರು ಬದುಕಿದರು ಎಂದು ಇಷ್ಟರಿಂದಲೇ ಹೇಳಲಾಗದು. ಓಡಾಡಲು ಶಕ್ತಿ ಇರುವವರೇ ಪ್ರಾಣಿ ಸಾಕುತ್ತಾರೆ ಎಂದೂ ವಾದಿಸಬಹುದಲ್ಲವೇ?

ಈ ಸಂದೇಹಕ್ಕೆ ಸ್ವಲ್ಪ ಉತ್ತರ ಕೊಟ್ಟದ್ದು 2001ರಲ್ಲಿ ಪ್ರಕಟವಾದ ಕೇರನ್ ಅಲೆನ್ ಅವರ ಪ್ರಯೋಗ. ಅಧಿಕ ರಕ್ತದೊತ್ತಡವಿದ್ದ 48 ಷೇರು ದಲ್ಲಾಳಿಗಳಿಗೆ ಒಂದೇ ಔಷಧಿ ಕೊಡಲಾಯಿತು. ಅವರಲ್ಲಿ ಅರ್ಧ ಮಂದಿಯನ್ನು ಚೀಟಿ ಎತ್ತಿದಂತೆ ಆರಿಸಿ, ನಾಯಿ ಅಥವಾ ಬೆಕ್ಕನ್ನು ಸಾಕಲು ಹೇಳಲಾಯಿತು. ಆರು ತಿಂಗಳ ನಂತರ ಸುಮ್ಮನೆ ಕುಳಿತಿದ್ದಾಗ ಎರಡೂ ಗುಂಪಿನವರ ರಕ್ತದೊತ್ತಡ ಇಳಿದಿತ್ತು. ಅದು ಔಷಧಿಯ ಕೆಲಸ. ಆದರೆ ಮನಸ್ಸಿಗೆ ಒತ್ತಡ ಬರುವ ಕೆಲಸ ಕೊಟ್ಟಾಗ, ಪ್ರಾಣಿ ಸಾಕಿದವರ ರಕ್ತದೊತ್ತಡ ಉಳಿದವರಷ್ಟು ಏರಲಿಲ್ಲ.

ಇದಕ್ಕೆ ಕಾರಣವೇನು? ಪಿಟ್ಯುಟರಿ ಗ್ರಂಥಿಯಿಂದ ಬಿಡುಗಡೆಯಾಗುವ ಆಕ್ಸಿಟೋಸಿನ್ ಬಗ್ಗೆ ನಾವು ಪಾಠದಲ್ಲಿ ಓದಿದ್ದೇವೆ. ಹೆರಿಗೆಗೂ ಹಾಲೂಡಿಸುವುದಕ್ಕೂ ಬೇಕಾದ ಈ ಹಾರ್ಮೋನು ತಾಯಿ ಮತ್ತು ಮಗುವಿನ ಬಾಂಧವ್ಯಕ್ಕೂ ನೆರವಾಗುತ್ತದೆ. ನಾಯಿ ಮತ್ತು ಅದರ ಯಜಮಾನ ಪರಸ್ಪರ ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ಇಬ್ಬರಲ್ಲೂ ಇದೇ ಹಾರ್ಮೋನು ಹೆಚ್ಚುತ್ತದೆ ಎಂದು 2015ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು.

ಇನ್ನೊಂದು ಲಾಭವನ್ನು ನಾನು ಮನೆಯಲ್ಲೇ ಕಂಡಿದ್ದೇನೆ. ಅಜ್ಜ ತೀರಿಕೊಂಡ ಮೇಲೆ ಅಜ್ಜಿ ಸರಿಯಾಗಿ ಊಟ ಮಾಡುತ್ತಿರಲಿಲ್ಲ, ಮಾತೂ ಕಡಿಮೆಯಾಗಿತ್ತು. ಆದರೆ ಬೆಕ್ಕು ಹಸಿವಾದಾಗ ಕಾಲು ಸುತ್ತುತ್ತಿತ್ತು. ಅದಕ್ಕೆ ಮೀನಿನ ತಲೆ ಬೇಯಿಸಲು ಅಜ್ಜಿ ಏಳಲೇಬೇಕಾಯಿತು. ಎದ್ದವರು ತಾವೂ ಎರಡು ತುತ್ತು ಉಂಡರು. ನಮ್ಮನ್ನು ನಂಬಿದ ಜೀವವೊಂದು ಇದೆ ಎಂಬ ಅರಿವು ದಿನಕ್ಕೊಂದು ಕ್ರಮ ತರುತ್ತದೆ.

ಇಸ್ಲಾಮ್ ಪ್ರಾಣಿದಯೆಗೆ ದೊಡ್ಡ ಸ್ಥಾನ ನೀಡಿದೆ. ಪ್ರವಾದಿ(ಸ)ರ ಸಂಗಾತಿ ಅಬೂ ಹುರೈರಾ(ರ)ರಿಗೆ ಆ ಹೆಸರು ಬಂದದ್ದೇ ಬೆಕ್ಕಿನ ಮರಿಯ ಮೇಲಿನ ಪ್ರೀತಿಯಿಂದ. ಬೆಕ್ಕನ್ನು ಕಟ್ಟಿಹಾಕಿ ಉಪವಾಸ ಕೆಡವಿದ ಮಹಿಳೆ ಶಿಕ್ಷೆಗೆ ಗುರಿಯಾದುದನ್ನೂ, ಬಾಯಾರಿದ ನಾಯಿಗೆ ಬಾವಿಯ ನೀರು ಕುಡಿಸಿದವನು ಕ್ಷಮೆ ಪಡೆದುದನ್ನೂ ಹದೀಸ್‌ಗಳು ತಿಳಿಸುತ್ತವೆ. ಬೇಟೆಗೆ, ಜಾನುವಾರು ಮತ್ತು ಬೆಳೆಯ ಕಾವಲಿಗೆ ನಾಯಿ ಸಾಕಲು ಅನುಮತಿಯಿದೆ. ಮನೆಯೊಳಗೆ ಸಾಕದವರೂ ಬೀದಿ ನಾಯಿಗೆ ಕಲ್ಲು ಹೊಡೆಯುವಂತಿಲ್ಲ.

ಲಾಭದ ಜೊತೆ ಎಚ್ಚರವೂ ಬೇಕು. ನಾಯಿಗೂ ಬೆಕ್ಕಿಗೂ ರೇಬಿಸ್ ಲಸಿಕೆ ಹಾಕಿಸಬೇಕು. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು 15 ನಿಮಿಷ ಸೋಪು ಮತ್ತು ಹರಿಯುವ ನೀರಿನಲ್ಲಿ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಪಡೆಯಬೇಕು. ಅರಿಶಿನ, ಸುಣ್ಣ ಹಚ್ಚಿ ಸುಮ್ಮನಿರಬಾರದು. ರೇಬಿಸ್‌ನ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಅತಿ ವಿರಳ. ಬೆಕ್ಕಿನ ಮಲದಿಂದ ಟಾಕ್ಸೊಪ್ಲಾಸ್ಮಾ ಸೋಂಕು ಹರಡಬಹುದಾದ್ದರಿಂದ ಗರ್ಭಿಣಿಯರು ಅದನ್ನು ಸ್ವಚ್ಛ ಮಾಡಬಾರದು. ಉಬ್ಬಸ, ಅಲರ್ಜಿ ಇರುವವರು ವೈದ್ಯರನ್ನು ಕೇಳಿಯೇ ಸಾಕಬೇಕು. ನಮ್ಮ ನಾಡಿನ ಹಸಿರು ಗಿಳಿ, ನಕ್ಷತ್ರ ಆಮೆಗಳನ್ನು ಮನೆಯಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ಮರಿ ಚಿಕ್ಕದಿರುವಾಗ ಮುದ್ದಾಡಿ, ಸಂಖ್ಯೆ ಹೆಚ್ಚಾದಾಗ ಗೋಣಿಚೀಲದಲ್ಲಿ ತುಂಬಿಸಿ ಮೀನು ಮಾರುಕಟ್ಟೆಯ ಬಳಿ ಬಿಟ್ಟು ಬರುವವರನ್ನು ನಾವೆಲ್ಲ ನೋಡಿದ್ದೇವೆ. ಹಾಲು ಬಿಡದ ಮರಿಗಳು ಅಲ್ಲಿ ಹೆಚ್ಚು ದಿನ ಬದುಕುವುದಿಲ್ಲ. ಪಶು ವೈದ್ಯರಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಈ ಸ್ಥಿತಿ ಬರುವುದಿಲ್ಲ. ಆದ್ದರಿಂದ ಮರಿಯನ್ನು ತರುವ ಮೊದಲು ಮನೆಯವರೊಂದಿಗೆ ಕೂತು ಮಾತಾಡಿ: ಬೆಕ್ಕು ಹದಿನೈದು ವರ್ಷವೂ ಬದುಕಬಹುದು. ನಾವು ಓದಿಗೆ, ಕೆಲಸಕ್ಕೆ ಬೇರೆ ಊರಿಗೆ ಹೋದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು? ಉತ್ತರ ಸಿಕ್ಕರೆ ಧಾರಾಳವಾಗಿ ಸಾಕಿ. ಸಿಗದಿದ್ದರೆ, ಈ ಬೇಸಿಗೆಯಲ್ಲಿ ಅಂಗಳದಲ್ಲೊಂದು ಮಣ್ಣಿನ ಪಾತ್ರೆಯಿಟ್ಟು ದಿನವೂ ನೀರು ತುಂಬಿಸಿ. ಬಾಯಾರಿ ಬಂದ ಕಾಗೆ, ಗುಬ್ಬಿ, ಬೆಕ್ಕುಗಳಿಗೆ ಅಷ್ಟಾದರೂ ನಮ್ಮಿಂದ ಸಿಗಲಿ.