ಹಳೆಯ ಮುದ್ರಕವೂ ಹೊಸ ಗಣಕ ವ್ಯವಸ್ಥೆಯೂ

ನಮ್ಮ ಶಾಲೆಯ ಗಣಕ ಕೊಠಡಿಯ ಮೂಲೆಯಲ್ಲಿ, ಹಳೆಯ ಮರದ ಮೇಜಿನ ಮೇಲೆ ಕುಳಿತಿರುವ ಪುಟ್ಟ ಮುದ್ರಕವನ್ನು ವಿದ್ಯಾರ್ಥಿಗಳೆಲ್ಲರೂ ನೋಡಿದ್ದಾರೆ. ಎಚ್‌ಪಿ ಲೇಸರ್‌ಜೆಟ್ 1020 ಎಂದು ಅದರ ಹೆಸರು. ಈ ಮಾದರಿ ಪೇಟೆಗೆ ಬಂದದ್ದು 2005ರಲ್ಲಿ. ಎಂದರೆ ಇಂದು ಹತ್ತನೆಯ ತರಗತಿಯಲ್ಲಿ ಓದುತ್ತಿರುವವರೆಲ್ಲರಿಗಿಂತ ಅದು ಹಿರಿಯದು. ಕಳೆದ ವರ್ಷ ಕೊಠಡಿಯ ಗಣಕಗಳಿಗೆ ಹೊಸ ಕಾರ್ಯವ್ಯವಸ್ಥೆಯನ್ನು ಅಳವಡಿಸಿದ ಮರುದಿನವೇ ಈ ಹಿರಿಯರು ಮೌನವ್ರತ ಹಿಡಿದರು. ಆ ವ್ರತವನ್ನು ಬಿಡಿಸಿದ ಕಥೆಯನ್ನೂ, ಅದರಿಂದ ನಾವು ಕಲಿತ ಪಾಠವನ್ನೂ ಇಲ್ಲಿ ಬರೆಯುತ್ತಿದ್ದೇವೆ.

ಒಂದು ಮುದ್ರಕಕ್ಕಾಗಿ ಇಷ್ಟು ಗದ್ದಲವೇಕೆ ಎಂದು ಹೆತ್ತವರು ಕೇಳಬಹುದು. ಕೇರಳದ ಪಠ್ಯಕ್ರಮಕ್ಕೆ ಹೊಂದುವ ಕನ್ನಡ ಮಾಧ್ಯಮದ ಅಭ್ಯಾಸ ಪುಸ್ತಕಗಳು ಕಾಸರಗೋಡಿನ ಅಂಗಡಿಗಳಲ್ಲಿ ಮಲಯಾಳ, ಇಂಗ್ಲಿಷ್ ಪುಸ್ತಕಗಳಂತೆ ಧಾರಾಳವಾಗಿ ದೊರೆಯುವುದಿಲ್ಲ. ಮಂಗಳೂರಿನಲ್ಲಿ ದೊರೆಯುವವು ಕರ್ನಾಟಕದ ಪಠ್ಯಕ್ಕೆ ಸೇರಿದವು. ಹಾಗಾಗಿ ಗಣಿತ, ವಿಜ್ಞಾನಗಳ ಅಭ್ಯಾಸ ಪ್ರಶ್ನೆಗಳನ್ನು ನಮ್ಮ ಅಧ್ಯಾಪಕರೇ ಕನ್ನಡದಲ್ಲಿ ಬೆರಳಚ್ಚು ಮಾಡಿ, ಈ ಮುದ್ರಕದಲ್ಲಿ ಒಂದೊಂದು ಪ್ರತಿ ತೆಗೆದು, ಅದನ್ನು ನಕಲು ಮಾಡಿಸಿ ಹಂಚುವುದು ವಾಡಿಕೆ. ಮಾರ್ಚಿಯ ಪರೀಕ್ಷೆಗೆ ಎರಡು ತಿಂಗಳಿರುವಾಗ ಮುದ್ರಕ ನಿಂತಿತೆಂದರೆ ಅದರ ಅರ್ಥವೇನೆಂದು ಹತ್ತನೆಯ ತರಗತಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪೇಟೆಯ ಅಂಗಡಿಯವರೊಬ್ಬರು ಬಂದು ನೋಡಿ, "ಇದರ ಕಾಲ ಮುಗಿಯಿತು, ಹೊಸತು ತೆಗೆದುಕೊಳ್ಳಿ" ಎಂದರು. ನೆಗಡಿ ಬಂತೆಂದು ಮೂಗು ಕೊಯ್ಯುವುದಕ್ಕೆ ಮೊದಲು ನೆಗಡಿಯೋ ಅಲ್ಲವೋ ಎಂದು ನೋಡೋಣವೆಂದು ನಾವು ನಿಶ್ಚಯಿಸಿದೆವು.

ಮೊದಲು ಮುದ್ರಣದ ಬಗೆಯನ್ನು ಸ್ವಲ್ಪ ತಿಳಿಯಬೇಕು. ಗಣಕ ಮತ್ತು ಮುದ್ರಕಗಳು ಒಂದೇ ಭಾಷೆಯನ್ನಾಡುವುದಿಲ್ಲ. ಕನ್ನಡ ಮಾತ್ರ ಬಲ್ಲ ಅಜ್ಜನೊಬ್ಬ ಕಚೇರಿಗೆ ಹೋದಾಗ ಮಲಯಾಳದ ಅರ್ಜಿಯನ್ನು ಓದಿ ಹೇಳಿ ತುಂಬಿಸಿಕೊಡುವವರೊಬ್ಬರು ಬೇಕಾಗುವಂತೆ, ಇವೆರಡರ ನಡುವೆಯೂ ಒಬ್ಬ ದುಭಾಷಿ ಬೇಕು. ಅದಕ್ಕೇ ಚಾಲಕ ತಂತ್ರಾಂಶ, ಇಲ್ಲವೆ ಡ್ರೈವರ್ ಎಂದು ಹೆಸರು. ಕೆಲವು ಮುದ್ರಕಗಳು ಪೋಸ್ಟ್‌ಸ್ಕ್ರಿಪ್ಟ್, ಪಿಸಿಎಲ್ ಮುಂತಾದ ಪ್ರಸಿದ್ಧ ಭಾಷೆಗಳನ್ನು ತಾವೇ ಬಲ್ಲವು. ಅವುಗಳಿಗೆ ಯಾವ ಊರಿಗೆ ಹೋದರೂ ದುಭಾಷಿ ಸಿಗುತ್ತಾನೆ. ನಮ್ಮ 1020 ಆ ಜಾತಿಯದಲ್ಲ. ಬೆಲೆ ಕಡಿಮೆಯಾಗಲೆಂದು ಅದರ ಮಿದುಳನ್ನು ಚಿಕ್ಕದು ಮಾಡಿದ್ದಾರೆ; ಯೋಚಿಸುವ ಕೆಲಸವೆಲ್ಲ ಗಣಕದ್ದೇ.

ಇಲ್ಲೊಂದು ಲೆಕ್ಕವನ್ನು ಮಾಡಿ ನೋಡಿರಿ. ಎ4 ಹಾಳೆಯ ಅಗಲ 21 ಸೆಂಟಿಮೀಟರ್, ಉದ್ದ 29.7 ಸೆಂಟಿಮೀಟರ್, ಅಂಗುಲದಲ್ಲಿ ಸುಮಾರು 8.27 ಮತ್ತು 11.69. ಅಂಗುಲಕ್ಕೆ 600 ಚುಕ್ಕೆಗಳಂತೆ ಮುದ್ರಿಸಿದರೆ ಅಡ್ಡಕ್ಕೆ ಸುಮಾರು 4,960, ಉದ್ದಕ್ಕೆ ಸುಮಾರು 7,015 ಚುಕ್ಕೆಗಳು. ಗುಣಿಸಿದರೆ ಒಂದು ಪುಟಕ್ಕೆ ಹತ್ತಿರಹತ್ತಿರ ಮೂರೂವರೆ ಕೋಟಿ ಚುಕ್ಕೆಗಳಾದವು. ಕಪ್ಪು ಅಥವಾ ಬಿಳಿ ಎಂಬುದಕ್ಕೆ ಒಂದು ಬಿಟ್ ಸಾಕು, ಎಂಟು ಬಿಟ್‌ಗೆ ಒಂದು ಬೈಟ್. ಎಂದರೆ ಒಂದು ಪುಟ ನಾಲ್ಕು ಮೆಗಾಬೈಟಿಗೂ ಮಿಕ್ಕಿತು. ಆದರೆ ಈ ಮುದ್ರಕದ ಸ್ಮೃತಿ ಎರಡೇ ಮೆಗಾಬೈಟ್! ಪಾವಿನಲ್ಲಿ ಸೇರು ಹಿಡಿಸುವುದು ಹೇಗೆ? ಗಣಕವೇ ಪುಟವನ್ನು ಚುಕ್ಕೆಗಳಾಗಿ ಬಿಡಿಸಿ, ಒತ್ತಿ ಕಿರಿದುಗೊಳಿಸಿ, ತುಂಡುತುಂಡಾಗಿ ಕಳುಹಿಸುತ್ತದೆ. ಅಷ್ಟೇ ಅಲ್ಲ, ವಿದ್ಯುತ್ತು ಆರಿದೊಡನೆ ಈ ಮುದ್ರಕ ತನ್ನ ಕೆಲಸವನ್ನೇ ಮರೆತುಬಿಡುತ್ತದೆ. ಪ್ರತಿ ಸಲ ಗುಂಡಿ ಒತ್ತಿದಾಗಲೂ ಗಣಕವು ಫರ್ಮ್‌ವೇರ್ ಎಂಬ ಪಾಠವನ್ನು ಅದಕ್ಕೆ ಹೊಸದಾಗಿ ಹೇಳಿಕೊಡಬೇಕು. ಇಂಥ ಮರೆಗುಳಿಗೆ ದುಭಾಷಿಯೂ ಇಲ್ಲವಾದರೆ ಅದು ಬರಿಯ ಪೆಟ್ಟಿಗೆಯೇ ಸರಿ.

ಇನ್ನು ನಮ್ಮಲ್ಲಿ ಬದಲಾದದ್ದೇನು? ಕೇರಳದ ಶಾಲೆಗಳಲ್ಲಿ 2001ರ ಐಟಿ ಅಟ್ ಸ್ಕೂಲ್ ಯೋಜನೆಯೇ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಗಿ ರೂಪುಗೊಂಡಿತು. ನಮ್ಮ ಗಣಕಗಳಲ್ಲಿರುವುದು ಸ್ವತಂತ್ರ ತಂತ್ರಾಂಶವಾದ ಗ್ನೂ-ಲಿನಕ್ಸ್. ಹಿಂದೆ ಇದ್ದದ್ದು ಉಬುಂಟು 18.04ನ್ನು ಆಧರಿಸಿದ ಆವೃತ್ತಿ, ಈಗಿನದು 22.04ನ್ನು ಆಧರಿಸಿದ್ದು. ಈ ಅಂಕೆಗಳಲ್ಲಿ ಮೊದಲನೆಯದು ವರ್ಷ, ಎರಡನೆಯದು ತಿಂಗಳು. 18.04ಕ್ಕೆ ಮಾಮೂಲು ಸುರಕ್ಷಾ ತಿದ್ದುಪಡಿಗಳು 2023ರಲ್ಲಿ ನಿಂತುಹೋದ್ದರಿಂದ ಬದಲಾವಣೆ ಅಗತ್ಯವೇ ಆಗಿತ್ತು.

ದೋಷ ಹುಡುಕುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬುದು ವಿಜ್ಞಾನದ ಪ್ರಯೋಗದಲ್ಲಿ ನಾವು ಕಲಿತ ಕ್ರಮ. ಮೊದಲು ತಂತಿಯನ್ನು ಬದಲಿಸಿದೆವು, ಫಲವಿಲ್ಲ. ಉಗ್ರಾಣದಲ್ಲಿ 18.04 ಇದ್ದ ಗಣಕವೊಂದು ಧೂಳು ತಿನ್ನುತ್ತಿತ್ತು. ಅದನ್ನು ಹೊರತೆಗೆದು, ಅದೇ ಮುದ್ರಕವನ್ನು ಅದೇ ತಂತಿಯಿಂದ ಜೋಡಿಸಿದೆವು. ಲಿಟಲ್ ಕೈಟ್ಸ್ ಘಟಕದ ಹುಡುಗಿಯರು ಉಸಿರು ಬಿಗಿಹಿಡಿದು ನೋಡುತ್ತಿದ್ದಂತೆಯೇ ಗರ್ ಎಂಬ ಸದ್ದಿನೊಡನೆ ಬೆಚ್ಚಗಿನ ಹಾಳೆಯೊಂದು ಹೊರಬಂದಿತು. ಅಲ್ಲಿಗೆ ಮುದ್ರಕ ಸತ್ತಿಲ್ಲವೆಂದು ಖಾತ್ರಿಯಾಯಿತು.

ಹಾಗಾದರೆ ತಪ್ಪು ಯಾರದು? ನಮ್ಮದೇ. ಎಚ್‌ಪಿ ಮುದ್ರಕಗಳಿಗಾಗಿ ಲಿನಕ್ಸಿನಲ್ಲಿ ಎಚ್‌ಪಿಲಿಪ್ ಎಂಬ ತಂತ್ರಾಂಶವಿದೆ. 1020ರಂಥ ಕೆಲವು ಮಾದರಿಗಳಿಗೆ ಅದರ ಜೊತೆಗೆ ಪ್ಲಗಿನ್ ಎಂಬ ಇನ್ನೊಂದು ಕಡತವೂ ಬೇಕು. ಇದರ ಮೂಲಸಂಕೇತ ಮುಚ್ಚಿಟ್ಟದ್ದಾದ್ದರಿಂದ ಉಬುಂಟುವಿನ ಒಡನೆ ಅದು ಬರುವುದಿಲ್ಲ, ಪ್ರತ್ಯೇಕವಾಗಿ ತರಿಸಿಕೊಳ್ಳಬೇಕು. ಎಚ್‌ಪಿಲಿಪ್‌ನ ಆವೃತ್ತಿಯೂ ಪ್ಲಗಿನ್‌ನ ಆವೃತ್ತಿಯೂ ಒಂದೇ ಆಗಿರಬೇಕೆಂಬುದು ಮುಖ್ಯ ನಿಯಮ. 18.04ರಲ್ಲಿ ಎಚ್‌ಪಿಲಿಪ್ 3.17.10 ಇತ್ತು, 22.04ರಲ್ಲಿ 3.21.12 ಇದೆ. ಬೀಗ ಬದಲಾಯಿಸಿ ಹಳೆಯ ಬೀಗದಕೈಯನ್ನು ಹುಡುಕುವವರಂತಾಗಿತ್ತು ನಮ್ಮ ಸ್ಥಿತಿ.

ಪರಿಹಾರಕ್ಕೆ ಹಿಡಿದದ್ದು ಕಾಲು ಗಂಟೆ. ಮುದ್ರಕಗಳ ಪಟ್ಟಿಯಿಂದ ಹಳೆಯ ಹೆಸರನ್ನು ಅಳಿಸಿದೆವು. ಟರ್ಮಿನಲ್ ತೆರೆದು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ನಡುವೆ ಅಡ್ಡಗೆರೆ ಇಟ್ಟು, ಎಚ್‌ಪಿ-ಪ್ಲಗಿನ್ ಎಂದು ಬೆರಳಚ್ಚಿಸಿ, ಕೇಳಿದ್ದಕ್ಕೆ ಒಪ್ಪಿಗೆ ಕೊಟ್ಟೆವು. ಅಂತರಜಾಲದಿಂದ ತಕ್ಕ ಪ್ಲಗಿನ್ ಇಳಿದುಬಂದಿತು. ಬಳಿಕ ಎಚ್‌ಪಿ-ಸೆಟಪ್ ಎಂಬ ಆಜ್ಞೆಯಿಂದ ಮುದ್ರಕವನ್ನು ಹೊಸದಾಗಿ ಸೇರಿಸಿ, ಅದನ್ನೊಮ್ಮೆ ಆರಿಸಿ ಹಚ್ಚಿದೆವು. ಹಸಿರು ದೀಪ ಬಂದಿತು, ಹಾಳೆಯೂ ಬಂದಿತು. ನಮ್ಮಲ್ಲಿ ಮಳೆಗಾಲದಲ್ಲಿ ಅಂತರಜಾಲ ಕೈಕೊಡುವುದುಂಟಾದ್ದರಿಂದ ಆ ಪ್ಲಗಿನ್ ಕಡತದ ಪ್ರತಿಯೊಂದನ್ನು ಪೆನ್‌ಡ್ರೈವಿನಲ್ಲಿ ತೆಗೆದಿಟ್ಟಿದ್ದೇವೆ.

ಪ್ರಸಂಗವಶಾತ್ ಇನ್ನೊಂದು ಮಾತು. ಸ್ವತಂತ್ರ ತಂತ್ರಾಂಶದ ಚಳವಳಿಯ ಹಿಂದೆಯೂ ಒಂದು ಮುದ್ರಕದ ಕಥೆಯಿದೆ. ಅಮೆರಿಕದ ಎಂಐಟಿಯ ಪ್ರಯೋಗಾಲಯದಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಅವರು, ಹಳೆಯ ಮುದ್ರಕದಲ್ಲಿ ಕಾಗದ ಸಿಕ್ಕಿಕೊಂಡರೆ ಎಲ್ಲರಿಗೂ ಸುದ್ದಿ ಮುಟ್ಟುವಂತೆ ಅದರ ತಂತ್ರಾಂಶವನ್ನು ತಿದ್ದಿದ್ದರು. 1980ರ ಸುಮಾರಿಗೆ ಝೆರಾಕ್ಸ್ ಕಂಪೆನಿಯ ಹೊಸ ಲೇಸರ್ ಮುದ್ರಕ ಬಂದಿತು; ಅದರ ಮೂಲಸಂಕೇತ ಮಾತ್ರ ಸಿಗಲಿಲ್ಲ. ಆ ಕಹಿ ಅನುಭವವನ್ನು ಅವರು ಅನೇಕ ಕಡೆ ಹೇಳಿಕೊಂಡಿದ್ದಾರೆ. 1983ರಲ್ಲಿ ಅವರು ಗ್ನೂ ಯೋಜನೆಯನ್ನು ಸಾರಿದರು. ಅದೇ ಗ್ನೂ ವ್ಯವಸ್ಥೆಯಲ್ಲಿ ಇಂದಿಗೂ ನಾವು ಮುಚ್ಚಿದ ಪ್ಲಗಿನ್ ಒಂದಕ್ಕೆ ಕೈಯೊಡ್ಡಬೇಕಾಗಿರುವುದು ಒಂದು ವಿಚಿತ್ರವೇ.

ಮುದ್ರಕ ಸರಿಯಾದ ಮೇಲೂ ಒಂದು ತೊಡಕು ಉಳಿದಿತ್ತು. ಹಿಂದಿನ ವರ್ಷಗಳ ಕೆಲವು ಪ್ರಶ್ನೆಪತ್ರಿಕೆಗಳನ್ನು ಯೂನಿಕೋಡ್ ಅಲ್ಲದ ಹಳೆಯ ಕನ್ನಡ ಅಕ್ಷರವಿನ್ಯಾಸಗಳಲ್ಲಿ ಬರೆಯಲಾಗಿತ್ತು. ಆ ಅಕ್ಷರಗಳು ಹೊಸ ಗಣಕದಲ್ಲಿಲ್ಲದ್ದರಿಂದ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣಿಸಿತು. ಯೂನಿಕೋಡಿನಲ್ಲಿ ಬರೆದವು ಲೋಹಿತ್ ಕನ್ನಡದಂಥ ಅಕ್ಷರಗಳಲ್ಲಿ ಚೆನ್ನಾಗಿಯೇ ಬಂದವು. ಅಕ್ಷರಗಳನ್ನು ಒಳಗೆ ಸೇರಿಸಿ ಪಿಡಿಎಫ್ ಮಾಡಿಟ್ಟ ಕಡತಗಳಿಗಂತೂ ಯಾವ ಹಾನಿಯೂ ಆಗಲಿಲ್ಲ. ಕೆಟ್ಟವುಗಳಲ್ಲಿ ಗಣಿತದ ಎರಡು ಪತ್ರಿಕೆಗಳನ್ನು ಮಕ್ಕಳೇ ಮತ್ತೆ ಬೆರಳಚ್ಚಿಸಿದರು. ಒತ್ತಕ್ಷರದ ತಪ್ಪುಗಳು ಕೆಲವು ಉಳಿದಿವೆ, ಓದುಗರು ಕ್ಷಮಿಸಬೇಕು.

ಮನೆಯಲ್ಲಿ ವಿಂಡೋಸ್ ಬಳಸುವ ಹೆತ್ತವರಿಗೂ ಇಂಥದೇ ಪ್ರಶ್ನೆ ಎದುರಾಗಬಹುದು. ವಿಂಡೋಸ್ 10ಕ್ಕೆ ಕಂಪೆನಿಯ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಗಣಕಗಳಿಗೆ 64 ಬಿಟ್‌ನ ರೂಪದಲ್ಲಿ ಮಾತ್ರ ಬಂದಿರುವುದರಿಂದ, 32 ಬಿಟ್‌ನ ಚಾಲಕ ಮಾತ್ರ ಇರುವ ತೀರಾ ಹಳೆಯ ಮುದ್ರಕ ಅದರಲ್ಲಿ ನಡೆಯದು. ವ್ಯವಸ್ಥೆಯನ್ನು ಬದಲಿಸುವ ಮೊದಲೇ ನಿಮ್ಮ ಮಾದರಿಗೆ 64 ಬಿಟ್‌ನ ಚಾಲಕ ಇದೆಯೇ ಎಂದು ತಯಾರಕರ ತಾಣದಲ್ಲಿಯೇ ನೋಡಿಕೊಳ್ಳಿರಿ. ಸಿಕ್ಕಸಿಕ್ಕ ತಾಣಗಳಿಂದ ಇಳಿಸಿಕೊಂಡರೆ ಚಾಲಕನ ವೇಷದಲ್ಲಿ ಕಳ್ಳನೇ ಒಳಗೆ ಬಂದಾನು.

ಉಗ್ರಾಣದ ಆ ಹಳೆಯ ಗಣಕಕ್ಕೂ ಈಗ ಕೆಲಸ ಸಿಕ್ಕಿದೆ. ಅದರಲ್ಲಿಯೂ 22.04ನ್ನೇ ಹಾಕಿ, ಮುದ್ರಕವನ್ನು ಅದಕ್ಕೇ ಕಾಯಂ ಆಗಿ ಜೋಡಿಸಿ, ಕಪ್ಸ್ ಎಂಬ ಮುದ್ರಣ ವ್ಯವಸ್ಥೆಯ ಮೂಲಕ ಕೊಠಡಿಯ ಜಾಲಕ್ಕೆ ಹಂಚಿದ್ದೇವೆ. ಬೇರೆ ಗಣಕಗಳು ತಮ್ಮ ಪುಟವನ್ನು ಇದಕ್ಕೆ ಒಪ್ಪಿಸಿದರಾಯಿತು, 1020ರ ಭಾಷೆಯನ್ನು ಅವು ಕಲಿಯಬೇಕಾಗಿಲ್ಲ. ಮುಂದೆ ಅವುಗಳ ವ್ಯವಸ್ಥೆ ಬದಲಾದರೂ ದುಭಾಷಿ ಒಂದೇ ಕಡೆ ಇರುತ್ತಾನೆ. ಮುದ್ರಕದ ಮೇಲಿನ ಗೋಡೆಗೆ ಒಂದು ಚೀಟಿ ಅಂಟಿಸಿದ್ದೇವೆ: ಮಾದರಿಯ ಹೆಸರು, ಶಾಯಿ ಪೆಟ್ಟಿಗೆಯ ಸಂಖ್ಯೆ 12ಎ, ಎಚ್‌ಪಿಲಿಪ್‌ನ ಆವೃತ್ತಿ, ಪೆನ್‌ಡ್ರೈವ್ ಇಟ್ಟಿರುವ ಕಪಾಟು. ಬರುವ ವರ್ಷದ ಘಟಕದವರು ಆ ಚೀಟಿಯನ್ನು ಹರಿಯದೆ ಇಟ್ಟುಕೊಳ್ಳಬೇಕು.