ಸದಸ್ಯರ ಅಧ್ಯಯನ ಪಾಠ: ಟರ್ಕಿ ಕೋಳಿಯ ಖೀಮಾ ಟಿಕ್ಕಿ ತಯಾರಿಕೆ ಮತ್ತು ಪಂಚಾಯಿತಿಯ ಹೊಣೆ

1. ಉದ್ದೇಶ

ಸಂವಿಧಾನದ 11ನೇ ಅನುಸೂಚಿಯು ಕೋಳಿ ಸಾಕಣೆಯನ್ನು ಪಂಚಾಯಿತಿಗಳ ವಿಷಯಪಟ್ಟಿಯಲ್ಲಿ ಸೇರಿಸಿದೆ. ಬೇಮಳಖೇಡದಂತಹ ಗ್ರಾಮದಲ್ಲಿ ಸ್ವಸಹಾಯ ಸಂಘವೊಂದು ಕೋಳಿಯನ್ನು ಜೀವಂತ ಮಾರುವ ಬದಲು ಟಿಕ್ಕಿ ಮಾಡಿ ಸಂತೆಯಲ್ಲಿ ಮಾರಿದರೆ, ಮಾಂಸದ ಬೆಲೆಯೊಡನೆ ಶ್ರಮದ ಬೆಲೆಯೂ ದೊರೆಯುತ್ತದೆ. ಆದರೆ ಒಂದು ದಿನದ ಅಜಾಗರೂಕತೆಯಿಂದ ಗ್ರಾಹಕರ ಆರೋಗ್ಯವೂ ಸಂಘದ ಹೆಸರೂ ಒಟ್ಟಿಗೆ ಕೆಡಬಹುದು. ಆದ್ದರಿಂದ ಈ ತಯಾರಿಕೆಯ ಕ್ರಮವನ್ನು ಸದಸ್ಯರು ಅರಿತಿರುವುದು ಅವಶ್ಯ.

2. ಖೀಮಾದಲ್ಲಿ ಅಪಾಯ ಹೆಚ್ಚೇಕೆ?

ಇಡೀ ತುಂಡಿನಲ್ಲಿ ರೋಗಾಣುಗಳು ಬಹುಪಾಲು ಹೊರಮೈಯಲ್ಲಿರುತ್ತವೆ. ಮಾಂಸವನ್ನು ಅರೆದಾಗ ಅವು ಒಳಗೆಲ್ಲ ಹರಡುತ್ತವೆ. ಕೋಳಿಮಾಂಸದಲ್ಲಿ ಸಾಲ್ಮೊನೆಲ್ಲಾ ಮುಂತಾದ ಬ್ಯಾಕ್ಟೀರಿಯಾಗಳು ಇರುವ ಸಂಭವವಿದೆ. ಹೊರಗೆ ಕೆಂಪಗೆ ಹುರಿದು ಒಳಗೆ ಹಸಿಯಾಗಿರುವ ಟಿಕ್ಕಿಯೇ ವಾಂತಿಭೇದಿಗೆ ದಾರಿ. ಟಿಕ್ಕಿಯ ನಡುಭಾಗವು 74 ಡಿಗ್ರಿ ಸೆಲ್ಸಿಯಸ್ ತಲುಪಲೇಬೇಕು. ಬಣ್ಣ ನೋಡಿ ಬೆಂದಿದೆಯೆಂದು ನಿರ್ಧರಿಸಲಾಗದು. ಅಡುಗೆಯ ಥರ್ಮಾಮೀಟರ್ ಬಳಸಬೇಕು.

3. ತಯಾರಿಸುವ ಕ್ರಮ

ಅ) ಮೂಳೆ ತೆಗೆದ ಟರ್ಕಿ ಕೋಳಿಮಾಂಸ 500 ಗ್ರಾಂ. ಎದೆಭಾಗದಲ್ಲಿ ಕೊಬ್ಬು ಕಡಿಮೆಯಿರುವುದರಿಂದ ಟಿಕ್ಕಿ ಒಣಗುತ್ತದೆ. ತೊಡೆಯ ಮಾಂಸವನ್ನೂ ಬೆರೆಸಬೇಕು. ಟರ್ಕಿ ದೊರೆಯದಿದ್ದಲ್ಲಿ ಸಾಮಾನ್ಯ ಕೋಳಿಗೂ ಇದೇ ಕ್ರಮ ಅನ್ವಯಿಸುತ್ತದೆ.

ಆ) ಉಪ್ಪು 8 ಗ್ರಾಂ, ಸಣ್ಣಗೆ ಹೆಚ್ಚಿದ ಈರುಳ್ಳಿ ಒಂದು, ಶುಂಠಿ-ಬೆಳ್ಳುಳ್ಳಿ ಪೇಸ್ಟ್ ಒಂದು ಚಮಚ, ಕಾಳುಮೆಣಸಿನ ಪುಡಿ, ಸೋಂಪಿನ ಪುಡಿ, ಹಸಿಮೆಣಸಿನಕಾಯಿ ಹಾಗೂ ಕೊತ್ತಂಬರಿ ಸೊಪ್ಪು ರುಚಿಗೆ ತಕ್ಕಷ್ಟು, ಪುಟಾಣಿ ಹಿಟ್ಟು ಎರಡು ಚಮಚ.

ಇ) ತಣ್ಣಗಿರುವ ಖೀಮಾಕ್ಕೆ ಉಪ್ಪು ಸೇರಿಸಿ ಅಂಟು ಬರುವವರೆಗೆ ನಾದಬೇಕು. ಈ ಅಂಟೇ ಟಿಕ್ಕಿ ಒಡೆಯದಂತೆ ಹಿಡಿದಿಡುತ್ತದೆ. ಬಳಿಕ ಉಳಿದ ಪದಾರ್ಥಗಳನ್ನು ಬೆರೆಸಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಬೇಕು.

ಈ) ಸುಮಾರು 60 ಗ್ರಾಂನ ಉಂಡೆಗಳನ್ನು ಅರ್ಧ ಅಂಗುಲ ದಪ್ಪಕ್ಕೆ ತಟ್ಟಿ, ಮಧ್ಯಮ ಉರಿಯಲ್ಲಿ ಎರಡೂ ಬದಿ ಬೇಯಿಸಿ, ಉಷ್ಣತೆ ಪರೀಕ್ಷಿಸಬೇಕು.

ಹಸಿಮಾಂಸಕ್ಕೆ ಬಳಸಿದ ಚಾಕು, ಹಲಗೆ, ತಟ್ಟೆಗಳನ್ನು ತೊಳೆಯದೆ ಬೆಂದ ಟಿಕ್ಕಿಗೆ ಬಳಸಬಾರದು. ಹಸಿ ಖೀಮಾವನ್ನು 5 ಡಿಗ್ರಿಗಿಂತ ಕಡಿಮೆ ಉಷ್ಣತೆಯಲ್ಲಿಟ್ಟು, ಒಂದೆರಡು ದಿನಗಳೊಳಗೆ ಬಳಸಬೇಕು. ಬೇಸಿಗೆಯಲ್ಲಿ ಬೆಂದ ಟಿಕ್ಕಿಯೂ ಒಂದು ಗಂಟೆಗಿಂತ ಹೆಚ್ಚು ಹೊರಗೆ ತಣ್ಣಗಾಗಿ ಉಳಿಯಬಾರದು. ವಿದ್ಯುತ್ ದೀರ್ಘಕಾಲ ಕಡಿತವಾಗುವ ದಿನ ಖೀಮಾ ಸಂಗ್ರಹಿಸದಿರುವುದೇ ಲೇಸು.

4. ಪಂಚಾಯಿತಿಯ ಹೊಣೆ

ಮಾರಾಟಕ್ಕಾಗಿ ಆಹಾರ ತಯಾರಿಸುವವರು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಅಡಿ ನೋಂದಣಿ ಅಥವಾ ಪರವಾನಗಿ ಪಡೆಯಬೇಕು. ಸಂಘಗಳಿಗೆ ಅರ್ಜಿ ಸಲ್ಲಿಸಲು ಸದಸ್ಯರು ನೆರವಾಗಬೇಕು. ತಯಾರಿಕಾ ಸ್ಥಳಕ್ಕೆ ಶುದ್ಧ ನೀರು ಒದಗಿಸುವುದು, ಪುಕ್ಕ ಮತ್ತು ಕರುಳಿನ ತ್ಯಾಜ್ಯವು ಚರಂಡಿ, ಬಾವಿ, ಕೆರೆಗಳಿಗೆ ಸೇರದಂತೆ ವಿಲೇವಾರಿ ಮಾಡಿಸುವುದು ಪಂಚಾಯಿತಿಯ ಕೆಲಸ. ಆಹಾರದ ಮಾದರಿ ತೆಗೆದು ಕ್ರಮ ಜರುಗಿಸುವ ಅಧಿಕಾರ ಆಹಾರ ಸುರಕ್ಷತಾ ಅಧಿಕಾರಿಯದು. ದೂರು ಬಂದಲ್ಲಿ ಅವರಿಗೆ ತಿಳಿಸತಕ್ಕದ್ದು. ತರಬೇತಿಗೆ ಬೀದರ್‌ನಲ್ಲಿರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವನ್ನು ಸಂಪರ್ಕಿಸಬಹುದು.

5. ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

• ಗ್ರಾಮದಲ್ಲಿ ಮಾಂಸಾಹಾರ ಮಾರುವವರಲ್ಲಿ ಎಷ್ಟು ಮಂದಿ ನೋಂದಣಿ ಪಡೆದಿದ್ದಾರೆ?
• ಕೋಳಿ ಅಂಗಡಿಗಳ ತ್ಯಾಜ್ಯ ಪ್ರತಿದಿನ ಎಲ್ಲಿಗೆ ಹೋಗುತ್ತಿದೆ?
• ಸಂಘಗಳು ಸೇರಿ ಬಳಸಬಹುದಾದ ಒಂದು ಫ್ರಿಜ್ ಹಾಗೂ ಥರ್ಮಾಮೀಟರ್ ಹೊಂದಿಸಲು ಸಾಧ್ಯವೇ?